ಗೋಧಿ ಬಿಡುವ ಮೊದಲು, ಬಿಟ್ಟ ಮೇಲೆ

ಓದುಗರ ಪ್ರಶ್ನೆ – ಆಹಾರ ತಜ್ಞೆಯ ಉತ್ತರ

ಗೋಧಿ ಒಗ್ಗುತ್ತಿಲ್ಲವೆಂಬ ದೂರು ಹೊತ್ತ ಪತ್ರಗಳು ಈಚೆಗೆ ಹೆಚ್ಚಾಗಿವೆ. ಬಹುಪಾಲು ಪತ್ರಗಳ ಕಥೆ ಒಂದೇ: ಯಾರೋ ಹೇಳಿದರು, ಬಿಟ್ಟು ನೋಡಿದೆವು, ಸ್ವಲ್ಪ ಹಾಯೆನಿಸಿತು, ಮುಂದೇನು? ಇನ್ನು ಕೆಲವು ಪತ್ರಗಳು ಗೋಧಿ ತಿನ್ನಲೇಬಾರದ ಸೀಲಿಯಾಕ್ ಕಾಯಿಲೆ ಖಚಿತವಾಗಿರುವ ಮನೆಗಳಿಂದ ಬಂದಿದ್ದು, ಅಲ್ಲಿನ ಚಿಂತೆಯೆಲ್ಲ ಅಡುಗೆಮನೆಗೆ ಸಂಬಂಧಿಸಿದ್ದು. ಎರಡೂ ಬಗೆಯವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ, ಊರಿನ ಹೆಸರನ್ನಷ್ಟೇ ಉಳಿಸಿಕೊಳ್ಳಲಾಗಿದೆ.

ಪ್ರಶ್ನೆ: ನನಗೆ 44 ವರ್ಷ. ತೂಕ ಇಳಿಸಲೆಂದು ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನಲು ಆರಂಭಿಸಿದ ಮೇಲೆ ಹೊಟ್ಟೆಯುಬ್ಬರ, ಗುಡುಗುಡು ಸದ್ದು, ಬೆಳಿಗ್ಗೆ ಎರಡು ಮೂರು ಸಲ ಭೇದಿ ಶುರುವಾಯಿತು. ರಕ್ತಹೀನತೆಯೂ ಇದೆ, ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿಲ್ಲ. ಅಕ್ಕನ ಮಗಳು ‘ಚಿಕ್ಕಮ್ಮ, ಗ್ಲೂಟನ್ ಬಿಟ್ಟು ನೋಡಿ’ ಎಂದಳು. ಬಿಟ್ಟಿದ್ದೇನೆ, ವಾಸಿಯೆನಿಸಿದೆ. ಇನ್ನು ಪರೀಕ್ಷೆಯ ಅಗತ್ಯವಿದೆಯೇ? – ಓದುಗರು, ಹಾಸನ

ಉತ್ತರ: ಖಂಡಿತ ಇದೆ. ನಿಮ್ಮ ಪತ್ರ ಓದುವಾಗ ಹೊಟ್ಟೆಯುಬ್ಬರಕ್ಕಿಂತ ಹೆಚ್ಚಾಗಿ, ಮಾತ್ರೆಗೆ ಬಗ್ಗದ ಆ ರಕ್ತಹೀನತೆ ನನ್ನ ಗಮನ ಸೆಳೆಯಿತು. ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿರುವ ಗ್ಲೂಟನ್ ಎಂಬ ಪ್ರೋಟೀನಿನ ವಿರುದ್ಧ ಕೆಲವರ ದೇಹದ ರೋಗನಿರೋಧಕ ವ್ಯವಸ್ಥೆ ತಿರುಗಿಬಿದ್ದು, ಆ ಭರದಲ್ಲಿ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳುಗೆಡವುತ್ತದೆ. ಇದನ್ನೇ ಸೀಲಿಯಾಕ್ ಕಾಯಿಲೆ ಎನ್ನುತ್ತಾರೆ. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ಎದ್ದು ನಿಂತಿರಬೇಕಾದ ವಿಲ್ಲೈಗಳು ಸವೆದು ಚಪ್ಪಟೆಯಾದಾಗ ಪೋಷಕಾಂಶಗಳನ್ನು ಹೀರಿಕೊಳ್ಳುವ ಜಾಗವೇ ಕಡಿಮೆಯಾಗುತ್ತದೆ. ಕಬ್ಬಿಣ ಮುಖ್ಯವಾಗಿ ಹೀರಲ್ಪಡುವುದು ಸಣ್ಣ ಕರುಳಿನ ಆರಂಭದ ಭಾಗದಲ್ಲಿ, ಈ ಕಾಯಿಲೆ ಹೆಚ್ಚಾಗಿ ಕಾಡುವುದೂ ಅದೇ ಭಾಗವನ್ನು. ಹಾಗಾಗಿ ಎಷ್ಟೋ ಜನ ದೊಡ್ಡವರಲ್ಲಿ ಹೊಟ್ಟೆಯ ತೊಂದರೆ ಅಷ್ಟಾಗಿ ಇಲ್ಲದೆ, ಬರೀ ರಕ್ತಹೀನತೆಯ ರೂಪದಲ್ಲೇ ಸೀಲಿಯಾಕ್ ಕಾಣಿಸಿಕೊಳ್ಳುವುದುಂಟು. ನಿಮ್ಮ ವಯಸ್ಸಿನಲ್ಲಿ ಮುಟ್ಟಿನ ಅತಿಸ್ರಾವವೂ ರಕ್ತಹೀನತೆಗೆ ಸಾಮಾನ್ಯ ಕಾರಣವಾದುದರಿಂದ ಅದನ್ನೂ ವೈದ್ಯರಿಗೆ ಮರೆಯದೆ ಹೇಳಿ.

ಪರೀಕ್ಷೆಯಲ್ಲಿ ಮೊದಲನೆಯದು ರಕ್ತದ್ದು. ಟಿಟಿಜಿ–ಐಜಿಎ ಎಂಬ ಪ್ರತಿಕಾಯವನ್ನೂ (ರೋಗನಿರೋಧಕ ವ್ಯವಸ್ಥೆ ರಕ್ತದಲ್ಲಿ ಹುಟ್ಟಿಸುವ ಪ್ರೋಟೀನು), ಅದರ ಜೊತೆಗೆ ಐಜಿಎ ಬಗೆಯ ಪ್ರತಿಕಾಯಗಳ ಒಟ್ಟು ಪ್ರಮಾಣವನ್ನೂ ನೋಡುತ್ತಾರೆ. ಕೆಲವರಲ್ಲಿ ಹುಟ್ಟಿನಿಂದಲೇ ಐಜಿಎ ಕೊರತೆಯಿದ್ದು, ಕಾಯಿಲೆಯಿದ್ದರೂ ಮೊದಲ ಪರೀಕ್ಷೆ ಸರಿಯಾಗಿದೆಯೆಂದೇ ತೋರಿಸುವುದರಿಂದ ಈ ಎರಡನೆಯದನ್ನು ಬಿಡಬಾರದು. ಅನಂತರ ಎಂಡೋಸ್ಕೋಪಿಯ ಮೂಲಕ ಸಣ್ಣ ಕರುಳಿನ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸುತ್ತಾರೆ. ತೊಡಕಿರುವುದು ಇಲ್ಲೇ: ಗೋಧಿ ಬಿಟ್ಟ ಮೇಲೆ ಪ್ರತಿಕಾಯಗಳು ಇಳಿಯುತ್ತವೆ, ಕರುಳು ಮಾಯತೊಡಗುತ್ತದೆ, ಆಗ ಮಾಡಿಸಿದ ಪರೀಕ್ಷೆಯಲ್ಲಿ ‘ಏನೂ ಇಲ್ಲ’ ಎಂದು ಬಂದರೆ ಅದಕ್ಕೆ ಅರ್ಥವಿರುವುದಿಲ್ಲ. ಆದ್ದರಿಂದ ಜಠರ–ಕರುಳಿನ ತಜ್ಞರನ್ನು ಕಂಡು, ಈಗಾಗಲೇ ಬಿಟ್ಟಿದ್ದೇನೆಂದು ಮೊದಲೇ ತಿಳಿಸಿ. ಅವರು ದಿನಕ್ಕೆ ಒಂದೆರಡು ಚಪಾತಿಯಂತೆ ಆರರಿಂದ ಎಂಟು ವಾರ ಮತ್ತೆ ತಿಂದು ಬರುವಂತೆ ಹೇಳಬಹುದು. ತಡೆಯಲಾಗದಷ್ಟು ತೊಂದರೆಯಾದರೆ ಅವಧಿಯನ್ನು ಮೊಟಕುಗೊಳಿಸಲೂಬಹುದು. ಮತ್ತೆ ತಿನ್ನುವುದು ಆಗುವುದೇ ಇಲ್ಲವೆನ್ನುವವರಿಗೆ ಡಿಕ್ಯೂ2 ಮತ್ತು ಡಿಕ್ಯೂ8 ಎಂಬ ವಂಶವಾಹಿಗಳ ಪರೀಕ್ಷೆಯಿದೆ. ಅವೆರಡೂ ಇಲ್ಲವೆಂದಾದರೆ ಸೀಲಿಯಾಕ್ ಇಲ್ಲವೆಂದು ಬಹುಮಟ್ಟಿಗೆ ನಿಶ್ಚಿಂತರಾಗಬಹುದು, ಆದರೆ ಇದ್ದ ಮಾತ್ರಕ್ಕೆ ಕಾಯಿಲೆಯಿದೆ ಎಂದಲ್ಲ. ಆರೋಗ್ಯವಂತರಲ್ಲೂ ಬಹಳ ಮಂದಿ ಅವನ್ನು ಹೊತ್ತಿರುತ್ತಾರೆ. ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯವನ್ನು ಅಳೆದು ನೂರಾರು ಆಹಾರಗಳ ಪಟ್ಟಿ ಕೊಟ್ಟು ‘ಇವು ನಿಮಗೆ ಒಗ್ಗವು’ ಎಂದು ಹೇಳುವ ದುಬಾರಿ ಪರೀಕ್ಷೆಗಳಿಗೆ ಮಾತ್ರ ಹಣ ಸುರಿಯಬೇಡಿ. ಒಗ್ಗದಿರುವಿಕೆಯನ್ನು ಅವು ಗುರುತಿಸಲಾರವು.

ಅಕ್ಕಿ ತಿನ್ನುವ ದಕ್ಷಿಣಕ್ಕಿಂತ ಗೋಧಿ ತಿನ್ನುವ ಉತ್ತರ ಭಾರತದಲ್ಲಿ ಈ ಕಾಯಿಲೆ ಬಹಳ ಹೆಚ್ಚೆಂದು ಸಮೀಕ್ಷೆಗಳು ತೋರಿಸಿವೆ. ಅದೇ ಕಾರಣಕ್ಕೆ ನಮ್ಮ ಕಡೆಯ ವೈದ್ಯರಿಗೆ ಇದು ತಟ್ಟನೆ ಹೊಳೆಯದಿರಬಹುದು. ನೀವಾಗಿಯೇ ಕೇಳುವುದರಲ್ಲಿ ಸಂಕೋಚ ಬೇಡ.

ಎಲ್ಲ ಪರೀಕ್ಷೆಯೂ ಸರಿಯಾಗಿ ನಡೆದು ಸೀಲಿಯಾಕ್ ಇಲ್ಲವೆಂದು ಬಂದರೆ, ಗೋಧಿಯ ಅಲರ್ಜಿಯನ್ನೂ ವೈದ್ಯರು ಪರಿಗಣಿಸುತ್ತಾರೆ. ಅದರಲ್ಲಿ ಮೈಮೇಲೆ ದದ್ದು, ತುಟಿ ಊತ, ಉಬ್ಬಸ ತಿಂದ ಸ್ವಲ್ಪ ಹೊತ್ತಿನಲ್ಲೇ ಕಾಣಿಸಿಕೊಳ್ಳುವುದು ಸಾಮಾನ್ಯ, ನಿಮ್ಮ ಪತ್ರದಲ್ಲಿ ಅವುಗಳ ಸುಳಿವಿಲ್ಲ. ಆಗ ನಾನು ನೋಡಬಯಸುವುದು ನಿಮ್ಮ ರಾತ್ರಿಯ ತಟ್ಟೆಯನ್ನು. ಚಪಾತಿಯೊಂದನ್ನೇ ಯಾರೂ ತಿನ್ನುವುದಿಲ್ಲ. ಜೊತೆಗೆ ಈರುಳ್ಳಿ–ಬೆಳ್ಳುಳ್ಳಿಯ ಗೊಜ್ಜೋ ಕಡಲೆಕಾಳಿನ ಸಾಗುವೋ ಇರುತ್ತದೆ, ಮಲಗುವ ಮೊದಲು ಒಂದು ಲೋಟ ಹಾಲೂ ಇರುತ್ತದೆ. ಗೋಧಿ, ಈರುಳ್ಳಿ, ಬೆಳ್ಳುಳ್ಳಿ ಮೂರರಲ್ಲೂ ಫ್ರಕ್ಟಾನ್ ಎಂಬ ಶರ್ಕರ ಸರಪಳಿಗಳಿದ್ದು, ಅವು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗಿಳಿದು ಹುದುಗಿ ವಾಯುವಾಗುತ್ತವೆ. ಗ್ಲೂಟನ್ ಒಗ್ಗುವುದಿಲ್ಲವೆಂದು ತಾವೇ ನಿರ್ಧರಿಸಿಕೊಂಡಿದ್ದ, ಸೀಲಿಯಾಕ್ ಇಲ್ಲದ 59 ಜನರಿಗೆ ನಾರ್ವೆಯ ಸಂಶೋಧಕರು ಗ್ಲೂಟನ್ ಇರುವ, ಫ್ರಕ್ಟಾನ್ ಇರುವ ಮತ್ತು ಎರಡೂ ಇಲ್ಲದ ತಿನಿಸಿನ ತುಂಡುಗಳನ್ನು, ಯಾವುದು ಯಾವುದೆಂದು ತಿಳಿಸದೆ ಸರದಿಯಂತೆ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹೆಚ್ಚು ಹೊಟ್ಟೆಯುಬ್ಬರ ತಂದದ್ದು ಫ್ರಕ್ಟಾನ್. ಆದ್ದರಿಂದ ಕೆಲವು ದಿನ ಅದೇ ಗೊಜ್ಜನ್ನು ಅಪ್ಪಟ ಜೋಳದ ರೊಟ್ಟಿಯೊಂದಿಗೂ, ಮತ್ತೆ ಕೆಲವು ದಿನ ಚಪಾತಿಯನ್ನು ಈರುಳ್ಳಿ–ಬೆಳ್ಳುಳ್ಳಿಯಿಲ್ಲದ ಸೋರೆಕಾಯಿ ಪಲ್ಯದೊಂದಿಗೂ ತಿಂದು ನೋಡಿ. ಹಾಲನ್ನೂ ಹೀಗೆಯೇ ಬೇರ್ಪಡಿಸಿ ನೋಡಬಹುದು. ಇದೆಲ್ಲ ಪರೀಕ್ಷೆ ಮುಗಿದ ಮೇಲಿನ ಮಾತು.

ಪ್ರಶ್ನೆ: ನಾವು ಧಾರವಾಡದವರು, ಕೆಲಸದ ನಿಮಿತ್ತ ದೆಹಲಿಯಲ್ಲಿದ್ದೇವೆ. ಏಳು ವರ್ಷದ ಮಗಳು ವಯಸ್ಸಿಗೆ ತಕ್ಕ ಎತ್ತರ ಬೆಳೆಯುತ್ತಿರಲಿಲ್ಲ. ಪರೀಕ್ಷೆಗಳಾದ ಮೇಲೆ ಸೀಲಿಯಾಕ್ ಎಂದು ಖಚಿತವಾಯಿತು. ಊರಿಗೆ ಹೋದಾಗ ಅತ್ತೆಯವರು ‘ವರ್ಷಕ್ಕೊಂದು ಹಬ್ಬ, ಒಂದು ಹೋಳಿಗಿ ತಿಂದ್ರ ಕೂಸಿಗೆ ಏನಾಗ್ತದ?’ ಎನ್ನುತ್ತಾರೆ. ಸತ್ಯನಾರಾಯಣ ಪೂಜೆಯ ಪ್ರಸಾದ ಬೇಡವೆಂದರಂತೂ ಮನೆಯಲ್ಲಿ ಮುನಿಸು. ಅವರಿಗೆ ಹೇಗೆ ತಿಳಿಹೇಳಲಿ? – ಓದುಗರು, ದೆಹಲಿ

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಅಕ್ಕರೆಯಿದೆ, ಅದನ್ನು ಒಪ್ಪಿಕೊಂಡೇ ಮುಂದುವರಿಯೋಣ. ಮಾತಿನಲ್ಲಿರುವ ತಪ್ಪು ಅಳತೆಯದ್ದು. ಸುಮಾರು 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಹೆಚ್ಚುಕಡಿಮೆ 3 ಗ್ರಾಂ, ಅಂದರೆ 3,000 ಮಿಲಿಗ್ರಾಂ ಗ್ಲೂಟನ್ ಇರುತ್ತದೆ. ಸೀಲಿಯಾಕ್ ಇರುವವರಿಗೆ ದಿನಕ್ಕೆ ಕೇವಲ 50 ಮಿಲಿಗ್ರಾಂ ಗ್ಲೂಟನ್ ಕೊಟ್ಟು ಮೂರು ತಿಂಗಳು ಗಮನಿಸಿದ ಇಟಲಿಯ ಅಧ್ಯಯನವೊಂದು, ಅಷ್ಟರಿಂದಲೇ ಕರುಳಿನ ಒಳಪದರ ಕೆಡುವುದನ್ನು ಕಂಡಿದೆ. 50 ಮಿಲಿಗ್ರಾಂ ಎಂದರೆ ಚಪಾತಿಯ 60ನೆಯ ಒಂದು ಪಾಲು, ಬೆರಳ ತುದಿಗೆ ಅಂಟುವ ಚೂರು. ಹೋಳಿಗೆಯ ಕಣಕವಾದರೋ ಮೈದಾಹಿಟ್ಟಿನದು. ಮಗು ಹೋಳಿಗೆ ತಿಂದು ಅಂದೇ ಹೊಟ್ಟೆನೋವೆಂದು ಅತ್ತಿದ್ದರೆ ಅತ್ತೆಯವರಿಗೆ ವಾದವೇ ಬೇಕಿರಲಿಲ್ಲ. ಎಷ್ಟೋ ಮಕ್ಕಳಲ್ಲಿ ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಕರುಳು ಹಾಳಾಗುತ್ತಿರುತ್ತದೆ, ಅದು ತಿಳಿಯುವುದು ಮುಂದೆ ಎತ್ತರದಲ್ಲಿ, ಮೂಳೆಯಲ್ಲಿ, ರಕ್ತದಲ್ಲಿ.

ಅಂಕಿಗಳಿಗೆ ಒಪ್ಪದವರು ಕಥೆಗೆ ಒಪ್ಪುವುದುಂಟು, ಅದಕ್ಕೆ ಇದನ್ನು ಹೇಳಿ ನೋಡಿ. ವಿಲೆಮ್ ಕರೆಲ್ ಡಿಕ್ಕೆ ಎಂಬ ಡಚ್ ಮಕ್ಕಳ ವೈದ್ಯರಿಗೆ, ಸೊರಗಿ ಹೊಟ್ಟೆ ಮುಂದೆ ಬಂದ ಈ ಮಕ್ಕಳ ಕಾಯಿಲೆಗೆ ಗೋಧಿಯೇ ಕಾರಣವಿರಬೇಕೆಂಬ ಅನುಮಾನ 1930ರ ದಶಕದಲ್ಲೇ ಇತ್ತು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944–45ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ ಘೋರ ಬರ ಬಿದ್ದು ಜನ ಟ್ಯುಲಿಪ್ ಗಡ್ಡೆಗಳನ್ನು ಬೇಯಿಸಿ ತಿನ್ನುವಂತಾಯಿತು; ಊರಿಗೆ ಊರೇ ಹಸಿವಿನಿಂದ ಬಳಲುತ್ತಿದ್ದಾಗ ಈ ಮಕ್ಕಳು ಮಾತ್ರ ಚೇತರಿಸಿಕೊಂಡರು, ಮತ್ತೆ ಬ್ರೆಡ್ಡು ಬಂದೊಡನೆ ಮತ್ತೆ ಮಲಗಿದರು. ಡಿಕ್ಕೆ ಗೋಧಿಯ ಪಾತ್ರವನ್ನು ಅಳೆದು ತೂಗಿ 1950ರಲ್ಲಿ ತಮ್ಮ ಪ್ರಬಂಧದಲ್ಲಿ ಮಂಡಿಸಿದರು. ಇಂದಿಗೂ ಈ ಕಾಯಿಲೆಗೆ ಮದ್ದೆಂದರೆ ಜೀವನಪರ್ಯಂತ ಗ್ಲೂಟನ್ ಬಿಡುವುದೊಂದೇ. ಪೂರ್ತಿ ಬಿಟ್ಟರೆ ಮಕ್ಕಳ ಕರುಳು ಚೆನ್ನಾಗಿಯೇ ಮಾಯುತ್ತದೆ, ನಿಂತಿದ್ದ ಬೆಳವಣಿಗೆಯೂ ಮತ್ತೆ ಹಿಡಿಯುತ್ತದೆ. ಅತ್ತೆಯವರಿಗೆ ಇದನ್ನೂ ಹೇಳಿ.

ಪ್ರಸಾದದ ಪ್ರಶ್ನೆಗೆ ಉತ್ತರ ಪೂಜೆಯ ಕಥೆಯಲ್ಲೇ ಇದೆ. ಸತ್ಯನಾರಾಯಣ ವ್ರತಕಥೆಯ ಮೊದಲ ಅಧ್ಯಾಯದಲ್ಲಿ ನೈವೇದ್ಯದ ಸಾಮಗ್ರಿಗಳನ್ನು ಹೇಳುವಾಗ ಬಾಳೆಹಣ್ಣು, ತುಪ್ಪ, ಹಾಲು, ಗೋಧಿಹಿಟ್ಟು ಎಂದು ಪಟ್ಟಿ ಮಾಡಿ, ಗೋಧಿ ಇಲ್ಲದಿದ್ದರೆ ಅಕ್ಕಿಯ ಹಿಟ್ಟಾದರೂ ಆದೀತು, ಸಕ್ಕರೆಯಿಲ್ಲದಿದ್ದರೆ ಬೆಲ್ಲವಾದರೂ ಆದೀತು ಎಂದಿದೆ. ಪುರೋಹಿತರನ್ನೇ ಕೇಳಿ, ಇಲ್ಲವೆನ್ನಲಾರರು. ಅಕ್ಕಿ ತರಿಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ಹಾಲಿನಲ್ಲಿ ಬೇಯಿಸಿ, ಬಾಳೆಹಣ್ಣು ಬೆರೆಸಿದ ಸಪಾದವನ್ನು ಇಡೀ ಮನೆಗೆ ಮಾಡಿಬಿಟ್ಟರೆ ಮಗುವಿಗೆ ಬೇರೆ ಬಟ್ಟಲು, ಬೇರೆ ಚಮಚದ ಗೊಡವೆಯೇ ಇರುವುದಿಲ್ಲ. ಮಗುವಿಗೆಂದೇ ಒಂದಿಷ್ಟು ಬೇರೆ ಮಾಡುವುದಕ್ಕಿಂತ ಎಲ್ಲರಿಗೂ ಅದನ್ನೇ ಮಾಡುವುದು ಎಷ್ಟೋ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಂಕ್ತಿಯಲ್ಲಿ ತನಗೊಬ್ಬಳಿಗೇ ಬೇರೆ ಬಡಿಸುತ್ತಾರೆಂಬುದು ಏಳು ವರ್ಷದ ಮಗುವಿಗೆ ಕಾಯಿಲೆಗಿಂತ ದೊಡ್ಡ ಸಂಕಟವಾಗಬಹುದು.

ಹೋಳಿಗೆಯ ವಿಷಯದಲ್ಲಿ ನಾನು ಅನುಕರಣೆಯ ಪರವಲ್ಲ. ಅಕ್ಕಿಹಿಟ್ಟಿನಲ್ಲಿ ಎಳೆದರೆ ಹರಿಯದ ಕಣಕ ಬರುವುದಿಲ್ಲ, ಬಂದದ್ದನ್ನು ಹೋಳಿಗೆಯೆಂದು ತಿಂದವರು ಹೋಳಿಗೆಯನ್ನೇ ನೆನೆದು ಕೊರಗುತ್ತಾರೆ. ಅದೇ ಕಡಲೆಬೇಳೆ ಹೂರಣವನ್ನು ಉಕ್ಕರಿಸಿದ ಅಕ್ಕಿಹಿಟ್ಟಿನೊಳಗೆ ತುಂಬಿ, ಹಬೆಯಲ್ಲಿ ಬೇಯಿಸಿ, ಮೇಲೆ ತುಪ್ಪ ಸುರಿದು ಕಡುಬಾಗಿ ಕೊಡಿ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ಅಂಟಿನ ಉಂಡಿ ಇವಕ್ಕೆ ಗೋಧಿಯ ಹಂಗಿಲ್ಲ. ಗೋಧಿ ಹುಗ್ಗಿಯ ಜಾಗಕ್ಕೆ ನವಣಕ್ಕಿಯ ಹುಗ್ಗಿ ಬರಲಿ. ರವೆ ಉಂಡಿ ಮಾತ್ರ ಬೇಡ. ಮಗಳ ಶಾಲೆಯಲ್ಲಿ, ಗೆಳತಿಯರ ಡಬ್ಬಿಯಿಂದ ತುತ್ತು ಹಂಚಿಕೊಳ್ಳದಂತೆ ಶಿಕ್ಷಕಿಯರಿಗೆ ಬರೆದು ತಿಳಿಸಿ; ಬಣ್ಣಬಣ್ಣದ ಆಟದ ಹಿಟ್ಟಿನಲ್ಲೂ ಗೋಧಿಯಿರುವುದುಂಟು, ಆಡಿದ ಮೇಲೆ ಕೈತೊಳೆದೇ ಊಟಕ್ಕೆ ಕೂರಲಿ. ಹತ್ತಿರದ ರಕ್ತಸಂಬಂಧಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುವ ಸಂಭವವಿರುವುದರಿಂದ ನೀವಿಬ್ಬರೂ, ಇತರ ಮಕ್ಕಳಿದ್ದರೆ ಅವರೂ, ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಪ್ರಶ್ನೆ: ನಮ್ಮ ಯಜಮಾನರಿಗೆ ಸೀಲಿಯಾಕ್ ಇರುವುದು ಹೋದ ವರ್ಷ ಗೊತ್ತಾಯಿತು. ನಾವು ಮೊದಲಿನಿಂದಲೂ ಜೋಳದ ರೊಟ್ಟಿಯವರು, ಹೆಚ್ಚಿನ ತೊಂದರೆಯಾಗದು ಎಂದುಕೊಂಡೆವು. ಚಪಾತಿ, ರವೆ ಎಲ್ಲ ಬಿಟ್ಟಿದ್ದರೂ ರಕ್ತಪರೀಕ್ಷೆಯಲ್ಲಿ ಪ್ರತಿಕಾಯ ಇಳಿಯುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ? – ಓದುಗರು, ವಿಜಯಪುರ

ಉತ್ತರ: ಪ್ರತಿಕಾಯ ಸಹಜ ಮಟ್ಟಕ್ಕಿಳಿಯಲು ಕೆಲವರಿಗೆ ಒಂದು ವರ್ಷ, ಇನ್ನು ಕೆಲವರಿಗೆ ಅದಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ, ಆದರೆ ಇಳಿಮುಖವಾದರೂ ಆಗಿರಬೇಕು. ಸ್ವಲ್ಪವೂ ಇಳಿದಿಲ್ಲವೆಂದರೆ ಗ್ಲೂಟನ್ ಎಲ್ಲಿಂದಲೋ ಒಳಸೇರುತ್ತಿದೆ, ಮತ್ತು ಜೋಳದ ರೊಟ್ಟಿಯ ಮನೆಗಳಲ್ಲಿ ನಾನು ಮೊದಲು ಕೇಳುವುದು ಹಿಟ್ಟಿನ ಗಿರಣಿಯ ಬಗ್ಗೆ.

ನಿಮ್ಮ ಜೋಳ ಅಪ್ಪಟವಾದುದೇ. ಆದರೆ ಅದನ್ನು ಬೀಸುವ ಕಲ್ಲುಗಳ ನಡುವೆ ನಿಮಗಿಂತ ಮುಂಚೆ ಬಂದವರ ಗೋಧಿ ಬೀಸಿದೆ. ಹಿಟ್ಟು ಇಳಿಯುವ ಉದ್ದನೆಯ ಬಟ್ಟೆಯ ಗೌಸಿನ ಮಡಿಕೆಗಳಲ್ಲಿ ಅವರ ಹಿಟ್ಟು ಕೂತಿರುತ್ತದೆ. ನಿಮ್ಮ ಡಬ್ಬಿಯನ್ನು ಕೆಳಗಿಟ್ಟು ಗಿರಣಿಯವನು ಕೊನೆಗೆ ಆ ಗೌಸನ್ನು ಪಟಪಟನೆ ಬಡಿದು ಕೊಡವುತ್ತಾನಲ್ಲ, ಆಗ ನಿಮ್ಮ ಹಿಟ್ಟಿನ ಮೇಲೆ ಉದುರುವುದು ನಿಮ್ಮದೊಂದೇ ಅಲ್ಲ. ಮನೆ ಬಳಕೆಯ ಸಣ್ಣ ಗಿರಣಿಯೊಂದನ್ನು ಕೊಂಡು ಅದರಲ್ಲಿ ಎಂದೂ ಗೋಧಿ ಹಾಕದಿರುವುದು ಇದಕ್ಕೆ ಸರಿಯಾದ ಪರಿಹಾರ. ಅದಾಗದಿದ್ದರೆ ಜೋಳಕ್ಕೋ ಅಕ್ಕಿಗೋ ಪ್ರತ್ಯೇಕ ಯಂತ್ರವಿಟ್ಟಿರುವ ಗಿರಣಿಯನ್ನು ಹುಡುಕಿ. ಮೊದಲ ಒಂದೆರಡು ಕಿಲೋ ಹಿಟ್ಟನ್ನು ಬೇರೆಯವರಿಗೆ ತೆಗೆದಿಟ್ಟು ಉಳಿದುದನ್ನು ಬಳಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅದರಿಂದ ಬೆರಕೆ ಕಡಿಮೆಯಾದೀತು, ಇಲ್ಲವಾಗದು, ಪ್ರತಿಕಾಯ ಇಳಿಯದಿರುವ ನಿಮ್ಮ ಮನೆಯಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಜೋಳವನ್ನು ಬೀಸುವ ಮೊದಲು ಆರಿಸಿಯೂ ನೋಡಬೇಕು, ಚೀಲದಲ್ಲಿ ಗೋಧಿಕಾಳು ಅಲ್ಲೊಂದು ಇಲ್ಲೊಂದು ಸೇರಿರುವುದು ಅಪರೂಪವಲ್ಲ.

ಎರಡನೆಯದು ರೊಟ್ಟಿಯ ಜಿಗಿ. ಹಳೆಯ ಹಿಟ್ಟು ಜಿಗಿ ಕಳೆದುಕೊಂಡು ಬಡಿಯುವಾಗ ಅಂಚು ಒಡೆಯುವುದರಿಂದ ಕೆಲವರು ಒಂದು ಹಿಡಿ ಗೋಧಿಹಿಟ್ಟು ಬೆರೆಸುತ್ತಾರೆ. ಹೊರಗೆ ಖಾನಾವಳಿಯಲ್ಲಿ ತಿನ್ನುವಾಗ, ಅಥವಾ ಮಾರಾಟದ ಖಡಕ್ ರೊಟ್ಟಿ ತರುವಾಗ ಇದನ್ನು ಬಾಯಿಬಿಟ್ಟು ಕೇಳಲೇಬೇಕು. ಮನೆಯಲ್ಲಾದರೆ ವಾರಕ್ಕೆ ಬೇಕಾದಷ್ಟೇ ಬೀಸಿಕೊಂಡು, ಕುದಿಯುವ ಎಸರನ್ನು ಹಿಟ್ಟಿನ ನಡುವೆ ಸುರಿದು, ಕೈ ತಾಳುವಷ್ಟು ಆರಿದೊಡನೆ ಚೆನ್ನಾಗಿ ನಾದಿದರೆ ಬೇರೇನೂ ಬೇಡ. ಗೋಧಿಯಲ್ಲಿ ಗ್ಲೂಟನ್ ಮಾಡುವ ಹಿಡಿತದ ಕೆಲಸವನ್ನು ಜೋಳದಲ್ಲಿ ಬಿಸಿನೀರಿಗೆ ಉಬ್ಬಿ ಅಂಟಾದ ಪಿಷ್ಟ ಮಾಡುತ್ತದೆ.

ಇನ್ನು ಸಲಕರಣೆಗಳು. ಮನೆಯ ಉಳಿದವರಿಗೆ ಈಗಲೂ ಚಪಾತಿಯಾಗುತ್ತಿದ್ದರೆ ಲಟ್ಟಣಿಗೆ, ಮಣೆ, ಜರಡಿ ಯಜಮಾನರ ಅಡುಗೆಗೆ ಬೇರೆಯೇ ಇರಲಿ. ಮರದ ಸಂದಿಯಿಂದ, ಜರಡಿಯ ಕಣ್ಣಿನಿಂದ ಹಿಟ್ಟನ್ನು ಪೂರ್ತಿ ತೆಗೆಯಲಾಗದು. ಸ್ಟೀಲಿನ ಪಾತ್ರೆಗಳನ್ನು ಉಜ್ಜಿ ತೊಳೆದರೆ ಸಾಕು. ಪೂರಿ ಕರಿದ ಎಣ್ಣೆಯಲ್ಲಿ ಅವರಿಗೆ ಹಪ್ಪಳ ಕರಿಯಬಾರದು. ಚಪಾತಿ ಲಟ್ಟಿಸುವಾಗ ಹಾರುವ ಒಣಹಿಟ್ಟು ಪಕ್ಕದ ಒಲೆಯ ಮೇಲಿರುವ ತೆರೆದ ಪಲ್ಯದ ಮೇಲೆ ಬೀಳುತ್ತದೆಂಬುದು ಹಲವರಿಗೆ ಹೊಳೆಯುವುದೇ ಇಲ್ಲ. ಅವರ ಅಡುಗೆಯನ್ನು ಮೊದಲು ಮುಗಿಸಿ ಮುಚ್ಚಿಟ್ಟು, ಆಮೇಲೆ ಚಪಾತಿಗೆ ಕೈಹಾಕಿ.

ಪ್ರಶ್ನೆ: ಇಂಗಿನಲ್ಲೂ ಗೋಧಿ ಇರುತ್ತದೆಂದು ಕೇಳಿದೆ, ನಿಜವೇ? ಹೀಗೆ ಗೊತ್ತಾಗದಂತೆ ಸೇರುವ ಬೇರೆ ಪದಾರ್ಥಗಳಾವುವು? – ಓದುಗರು, ಮೈಸೂರು

ಉತ್ತರ: ನಿಜ. ಅಂಗಡಿಯ ಇಂಗು ಬರೀ ಇಂಗಲ್ಲ. ಇಂಗಿನ ಜೊತೆ ಗೋಂದನ್ನೂ ಹಿಟ್ಟನ್ನೂ ಕೂಡಿಸಿರುತ್ತಾರೆ, ಆ ಹಿಟ್ಟು ಹಲವು ಬ್ರಾಂಡುಗಳಲ್ಲಿ ಗೋಧಿ ಅಥವಾ ಮೈದಾ. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಡಬ್ಬಿಯ ಹಿಂಬದಿ ಓದಿ ಕೊಳ್ಳಿ. ಇಂಗು ಬದಲಾದರೆ ಸಾಲದು. ಸಾರಿನಪುಡಿ, ಸಾಂಬಾರುಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಹಪ್ಪಳ ಎಲ್ಲದರಲ್ಲೂ ಅದೇ ಇಂಗಿರುತ್ತದೆ. ಚಕ್ಕುಲಿ ಸಾಮಾನ್ಯವಾಗಿ ಅಕ್ಕಿ–ಉದ್ದಿನದು, ಆದರೆ ನಿಪ್ಪಟ್ಟು, ಕೋಡುಬಳೆಗಳಿಗೆ ಮೈದಾ ಅಥವಾ ಚಿರೋಟಿ ರವೆ ಸೇರಿಸುವವರು ಬಹಳ. ಮದ್ದೂರು ವಡೆಯಂತೂ ರವೆ–ಮೈದಾಗಳಿಲ್ಲದೆ ಆಗದು. ಬಾಂಬೆ ರವೆ, ಬನ್ಸಿ ರವೆ, ಚಿರೋಟಿ ರವೆ ಮೂರೂ ಗೋಧಿಯವು, ಇಡ್ಲಿ ರವೆ ಮಾತ್ರ ಅಕ್ಕಿಯದು. ಒತ್ತು ಶಾವಿಗೆ ಅಕ್ಕಿಯದಾದರೂ ಪ್ಯಾಕೆಟ್ಟಿನ ಪಾಯಸದ ಶಾವಿಗೆ ಗೋಧಿಯದು. ಮಕ್ಕಳ ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ ಇರುತ್ತದೆ, ಮನೆಯಲ್ಲಿ ಮೊಳಕೆ ಬರಿಸಿ ಹುರಿದು ಮಾಡಿದ ರಾಗಿಯ ಪುಡಿಗೆ ಆ ದೋಷವಿಲ್ಲ. ಸಿರಿಧಾನ್ಯದ ಚಿತ್ರ ಹಾಕಿದ ಮಲ್ಟಿಗ್ರೇನ್ ಹಿಟ್ಟಿನಲ್ಲಿ ಮೊದಲ ಪದಾರ್ಥವೇ ಗೋಧಿಯಾಗಿರುವುದುಂಟು. ಗೋಬಿ ಮಂಚೂರಿಯ ಮೈದಾ ಎಲ್ಲರಿಗೂ ಗೊತ್ತು, ಅದರ ಸೋಯಾ ಸಾಸಿನಲ್ಲೂ ಗೋಧಿಯಿರುತ್ತದೆಂಬುದು ಕಡಿಮೆ ಜನಕ್ಕೆ ಗೊತ್ತು. ‘ಗ್ಲೂಟನ್ ಫ್ರೀ’ ಎಂದು ಅಚ್ಚುಹಾಕಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲೂಟನ್ ಇರಬಾರದೆಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ.

ಪ್ರಶ್ನೆ: ಮದುವೆಯಾಗಿ ಬಂದ ಸೊಸೆಗೆ ಗೋಧಿ ತಿನ್ನಬಾರದೆಂದು ವೈದ್ಯರು ಹೇಳಿದ್ದಾರೆ. ಅವಳು ಬೆಂಗಳೂರಿನಲ್ಲಿ ಬೆಳೆದವಳು. ನಮ್ಮ ಮಳೆಗಾಲದಲ್ಲಿ ಸಂಜೆಯಾದರೆ ಬಿಸಿ ಉಪ್ಪಿಟ್ಟು, ಚಪಾತಿ–ಸಾಗು, ಟೋಸ್ಟ್ ಬ್ರೆಡ್ಡು ಎಂದು ನೆನೆಯುತ್ತಾಳೆ, ಆಮೇಲೆ ಸುಮ್ಮನಾಗುತ್ತಾಳೆ. ಅವಳಿಗೆ ಮನಸ್ಸು ತುಂಬುವಂಥದ್ದು ಏನು ಮಾಡಿಕೊಡಬಹುದು? – ಓದುಗರು, ಸಾಗರ

ಉತ್ತರ: ಇಂಥ ಅತ್ತೆಯಿರುವ ಸೊಸೆ ಅದೃಷ್ಟವಂತೆ. ಉಪ್ಪಿಟ್ಟಿನಿಂದಲೇ ಆರಂಭಿಸೋಣ, ಏಕೆಂದರೆ ಅದರಲ್ಲಿ ಗೋಧಿಯ ಕೊರತೆ ಅತಿ ಸುಲಭವಾಗಿ ತುಂಬುತ್ತದೆ. ಒಂದು ಪಾವು ಅಕ್ಕಿ ತರಿಯನ್ನು ಬಿಳುಪು ಮಾಸದಂತೆ ಬೆಚ್ಚಗೆ ಹುರಿದಿಟ್ಟುಕೊಳ್ಳಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಹಸಿಮೆಣಸು, ಶುಂಠಿ, ಕರಿಬೇವು ಹಾಕಿ ಒಗ್ಗರಣೆ ಮಾಡಿ, ಕಾಲಕ್ಕೆ ಸಿಕ್ಕರೆ ಬೇಯಿಸಿದ ಅವರೆಕಾಳು ಸೇರಿಸಿ, ಎರಡೂವರೆಯಿಂದ ಮೂರು ಪಾವು ನೀರು ಮತ್ತು ಉಪ್ಪು ಹಾಕಿ ಕುದಿಸಿ. ತರಿಯನ್ನು ಕೈಯಾಡಿಸುತ್ತ ಉದುರಿಸಿ, ಉರಿ ತಗ್ಗಿಸಿ ಮುಚ್ಚಿ. ಇಲ್ಲಿ ಎಲ್ಲರೂ ಅವಸರ ಮಾಡುತ್ತಾರೆ: ಗೋಧಿ ರವೆ ನಾಲ್ಕೈದು ನಿಮಿಷದಲ್ಲಿ ಬೆಂದುಬಿಡುತ್ತದೆ, ಅಕ್ಕಿ ತರಿಗೆ ಹತ್ತು ಹನ್ನೆರಡು ನಿಮಿಷ ಬೇಕು, ಒಲೆ ಆರಿಸಿದ ಮೇಲೆ ಮುಚ್ಚಿದಂತೆಯೇ ಇನ್ನೂ ಐದು ನಿಮಿಷ ಬೇಕು. ಒಂದು ಕಾಳನ್ನು ಎರಡು ಬೆರಳ ನಡುವೆ ಹಿಸುಕಿದಾಗ ನಡುವೆ ಗಟ್ಟಿ ಚುಕ್ಕೆ ಸಿಗದಿದ್ದರೆ ಬೆಂದಿದೆ. ಕಾಯಿತುರಿ, ಲಿಂಬೆರಸ, ಒಂದು ಚಮಚ ತುಪ್ಪ ಹಾಕಿ ಹೊಗೆಯಾಡುವಾಗಲೇ ಕೊಡಿ.

ಚಪಾತಿಯ ಆಸೆಗೆ ಉಕ್ಕರಿಸಿದ ಅಕ್ಕಿ ರೊಟ್ಟಿ ನಿಮ್ಮ ಮನೆಯಲ್ಲೇ ಇದೆ, ನಾನು ಹೇಳಿಕೊಡಬೇಕಾಗಿಲ್ಲ. ಓದುತ್ತಿರುವ ಬೇರೆಯವರಿಗಾಗಿ ಎರಡು ಮಾತು. ಒಂದಳತೆ ಹಿಟ್ಟಿಗೆ ಒಂದಳತೆಗಿಂತ ತುಸು ಹೆಚ್ಚು ನೀರು, ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಮರಳಿಸಿ, ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕಲಕದೆ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಮುಚ್ಚಿಡಬೇಕು. ಅನಂತರ ಕೋಲಿನಿಂದ ತಿರುವಿ, ಬಿಸಿಯಿರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು ಗಂಟಿಲ್ಲದಂತೆ ನಾದಬೇಕು. ಹಿಟ್ಟು ತಣ್ಣಗಾಗಲು ಬಿಟ್ಟರೆ ಲಟ್ಟಿಸುವಾಗ ಅಂಚು ಸೀಳುತ್ತದೆ. ಚೆನ್ನಾಗಿ ನಾದಿದ ರೊಟ್ಟಿ ಕಾವಲಿಯಿಂದ ಕೆಂಡಕ್ಕೋ ಗ್ಯಾಸಿನ ಉರಿಗೋ ಹೋದಾಗ ಫುಲ್ಕದಂತೆ ಉಬ್ಬುತ್ತದೆ, ಸಾಗುವಿಗೂ ಹೊಂದುತ್ತದೆ. ಬೆಳಿಗ್ಗೆಯ ಡಬ್ಬಿಗೆ ಅಕ್ಕಿಹಿಟ್ಟಿನ ಜೊತೆ ಒಂದು ಪಾಲು ಜೋಳದ ಹಿಟ್ಟು ಸೇರಿಸಿ, ಬಟ್ಟಲಿಗೆ ಒಂದು ಸಣ್ಣ ಚಮಚ ಇಸಬ್ಗೋಲ್ ಹಾಕಿ ನಾದಿದರೆ ಮಧ್ಯಾಹ್ನದವರೆಗೂ ಮೆತ್ತಗೆ ಮಡಚಲು ಬರುತ್ತದೆ.

ಬ್ರೆಡ್ಡಿನ ವಿಷಯದಲ್ಲಿ ಸಮಾಧಾನ ಹೇಳಲಾರೆ. ಅಂಗಡಿಯ ಗ್ಲೂಟನ್‌ರಹಿತ ಬ್ರೆಡ್ಡು ದುಬಾರಿ, ಹೆಚ್ಚಾಗಿ ಬರೀ ಪಿಷ್ಟ, ನಾರು ಕಡಿಮೆ. ಅದರ ಬದಲು ಸಂಜೆಯ ಗರಿಗರಿಗೆ ತುಪ್ಪ ಸವರಿ ಕಾಯಿಸಿದ ಖಾಲಿ ದೋಸೆಯನ್ನೋ, ರಾಗಿ ರೊಟ್ಟಿಯನ್ನೋ ಕೊಡಿ. ನಿಮ್ಮ ಸೀಮೆಯ ತೊಡದೇವು ಅಕ್ಕಿಹಿಟ್ಟು–ಕಬ್ಬಿನಹಾಲಿನದು. ಮಡಕೆಯ ಬೆನ್ನಿನಿಂದ ಕಾಗದದಂತೆ ಏಳುವ ಅದನ್ನು ತುಪ್ಪ ಹಚ್ಚಿ ತಿಂದವರಿಗೆ ಬಿಸ್ಕತ್ತು ನೆನಪಾಗುವ ಸಂಭವ ಕಡಿಮೆ. ಹಲಸಿನ ಕಡುಬು, ಸೌತೆಕಾಯಿ ಕಡುಬು ಹೇಗೂ ಇವೆ. ಜ್ವರ ಬಂದಾಗ, ಬೇಸರವಾದಾಗ ಕುಚ್ಚಲಕ್ಕಿ ಗಂಜಿಗೆ ಒಂದಿಷ್ಟು ತುಪ್ಪ ಬಿಟ್ಟು, ಅಪ್ಪೆಮಿಡಿ ಉಪ್ಪಿನಕಾಯಿಯೊಂದಿಗೆ ಕೊಡಿ. ಉಪ್ಪಿನಕಾಯಿಯ ಇಂಗನ್ನು ಮಾತ್ರ ನೋಡಿಕೊಳ್ಳಿ.

ಮನಸ್ಸು ತುಂಬುವ ಭರದಲ್ಲಿ ಎಲ್ಲ ಹೊತ್ತೂ ಅಕ್ಕಿಯೇ ಆಗಿಬಿಡುವ ಅಪಾಯವೂ ಇದೆ. ಹೊಸದಾಗಿ ಕಾಯಿಲೆ ಪತ್ತೆಯಾದವರಲ್ಲಿ ಕಬ್ಬಿಣ, ಫೋಲೇಟ್, ವಿಟಮಿನ್ ಡಿ ಕಡಿಮೆಯಿದ್ದು ಮೂಳೆ ಸಾಂದ್ರತೆಯೂ ತಗ್ಗಿರುವುದುಂಟು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ದಿನಕ್ಕೊಮ್ಮೆಯಾದರೂ ಮುದ್ದೆಯೋ ಅಂಬಲಿಯೋ ಇರಲಿ, ಸೊಪ್ಪು–ಕಾಳಿನ ಬಸ್ಸಾರು ಜೊತೆಗಿರಲಿ.

ಪ್ರಶ್ನೆ: ಜವೆಗೋಧಿ, ಖಪ್ಲಿ ಗೋಧಿಗಳಲ್ಲಿ ಗ್ಲೂಟನ್ ಇಲ್ಲವೆಂದು ಅಂಗಡಿಯವರು ಹೇಳುತ್ತಾರೆ. ಓಟ್ಸ್ ತಿನ್ನಬಹುದೇ? ಹೋಟೆಲಿನಲ್ಲಿ ಏನು ಸುರಕ್ಷಿತ? – ಓದುಗರು, ಬೆಂಗಳೂರು

ಉತ್ತರ: ಜವೆಗೋಧಿಯಾಗಲಿ ಖಪ್ಲಿಯಾಗಲಿ ಗ್ಲೂಟನ್ ಇರುವ ಧಾನ್ಯಗಳೇ, ಮಧುಮೇಹದವರಿಗೆ ಅವುಗಳಿಂದ ಏನಾದರೂ ಲಾಭವಿರಬಹುದು, ಸೀಲಿಯಾಕ್ ಇರುವವರಿಗೆ ಅವು ನಿಷಿದ್ಧ. ಓಟ್ಸಿನ ಪ್ರೋಟೀನು ಬೇರೆ ಬಗೆಯದಾದರೂ ಹೊಲದಿಂದ ಕಾರ್ಖಾನೆಯವರೆಗೆ ಗೋಧಿ–ಬಾರ್ಲಿಗಳ ಜೊತೆಗೇ ಸಾಗಿ ಬೆರಕೆಯಾಗುತ್ತದೆ. ಗ್ಲೂಟನ್‌ರಹಿತವೆಂದು ಅಚ್ಚಾದುದನ್ನು ಮಾತ್ರ, ಅದೂ ಕರುಳು ಮಾಯ್ದ ಮೇಲೆ, ವೈದ್ಯರನ್ನು ಕೇಳಿ ಆರಂಭಿಸಿ. ಕೆಲವರಿಗೆ ಅದೂ ಒಗ್ಗುವುದಿಲ್ಲ.

ಹೋಟೆಲಿನಲ್ಲಿ ಇಡ್ಲಿಯೆಂದೊಡನೆ ನಿಶ್ಚಿಂತರಾಗಬೇಡಿ. ಯುದ್ಧಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ಎಂಟಿಆರ್ ರೂಪಿಸಿತೆನ್ನಲಾಗುವ ರವೆ ಇಡ್ಲಿ ಪೂರ್ತಿ ಗೋಧಿಯದು. ಪಕ್ಕದ ತಟ್ಟೆಯ ಅಕ್ಕಿ ಇಡ್ಲಿ ಹಾಗಲ್ಲ. ದೋಸೆಹಿಟ್ಟಿಗೆ ಮೈದಾ ಬೆರೆಸುವ ಕಡೆಗಳಿವೆ, ಅಕ್ಕಿ ದೋಸೆ ಹುಯ್ಯುವ ಹಂಚಿನಲ್ಲೇ ರವೆ ದೋಸೆಯನ್ನೂ ಹುಯ್ಯುತ್ತಾರೆ, ಸಾಂಬಾರಿನ ಇಂಗಿನ ಬಗ್ಗೆ ಬಡಿಸುವವರಿಗೆ ತಿಳಿದಿರುವುದಿಲ್ಲ. ಸೀಲಿಯಾಕ್ ಖಚಿತವಾದವರಿಗೆ ನಾನು ಹೇಳುವುದು ಹಬೆಯಲ್ಲಿ ಬೆಂದ ಅಕ್ಕಿ ಇಡ್ಲಿ, ಒಗ್ಗರಣೆ ಹಾಕದ ಕಾಯಿಚಟ್ನಿ, ಅನ್ನ, ಮೊಸರು ಇಷ್ಟನ್ನೇ. ದೂರ ಪ್ರಯಾಣವಿದ್ದರೆ ಒಗ್ಗರಣೆ ಅವಲಕ್ಕಿಯ ಡಬ್ಬಿಯೊಂದನ್ನು ಮನೆಯಿಂದಲೇ ಕಟ್ಟಿಕೊಂಡು ಹೊರಡಿ.